ಶಿಫ್ಟ್ ಒತ್ತುವ ಕಿರುಬೆರಳು

‘ಜಿಲ್ಲಾಧಿಕಾರಿಗಳ ಕಾರ್ಯಾಲಯ’ ಎಂಬ ಎರಡು ಪದಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಲು 22 ಅಕ್ಷರದ ಕೀಗಳನ್ನು ಒತ್ತಬೇಕು. ಅವುಗಳಲ್ಲಿ ಆರನ್ನು ಒತ್ತುವಾಗ ಇನ್ನೊಂದು ಕೈ ಶಿಫ್ಟ್ ಕೀಯನ್ನು ಹಿಡಿದಿರಬೇಕು. ‘ಧ’ಕ್ಕೆ ಒಮ್ಮೆ, ‘ಳ’ಕ್ಕೆ ಒಮ್ಮೆ, ಆಕಾರದ ದೀರ್ಘಕ್ಕೆ ನಾಲ್ಕು ಸಲ. ಟೈಪಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ಬೆರಳಿಟ್ಟರೆ ಆ ದೀರ್ಘದ ಕೀ ಎಡಗೈ ಕಿರುಬೆರಳಿನ ಪಾಲಿಗೆ ಬರುತ್ತದೆ. ಶಿಫ್ಟ್ ಹಿಡಿಯುವ ಕೆಲಸ ಬಲಗೈ ಕಿರುಬೆರಳಿನದು. ಒಂದೇ ಒಂದು ‘ಕಾ’ ಮೂಡಲು ಎರಡೂ ಕೈಗಳ ಅತಿ ಸಣ್ಣ ಬೆರಳುಗಳು ಒಟ್ಟಿಗೆ ದುಡಿಯಬೇಕು. ಇದೇ ಕಚೇರಿಯ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವವರಿಗೆ ಶಿಫ್ಟ್ ಬೇಕಾಗುವುದು ಮೂರೇ ಸಲ.

ಚೆನ್ನಾಗಿರುವ ಕೈಗೆ ಈ ಲೆಕ್ಕ ಗೊತ್ತೇ ಆಗುವುದಿಲ್ಲ. ಗಂಟು ಊದಿಕೊಂಡ ಕೈಗೆ ಮಧ್ಯಾಹ್ನದ ಹೊತ್ತಿಗೆ ಒಂದೊಂದು ದೀರ್ಘವೂ ಗೊತ್ತಾಗುತ್ತದೆ. ಬೆರಳು ನೋವಿರುವವರು ಕಂಪ್ಯೂಟರ್ ಬಳಸುವುದು ಹೇಗೆ ಎಂಬ ಸಲಹೆಗಳು ಹೇರಳವಾಗಿ ಸಿಗುತ್ತವೆ. ಆದರೆ ಅವು ಇಂಗ್ಲಿಷ್ ಟೈಪ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಇಡೀ ದಿನ ಕನ್ನಡವನ್ನೇ ಟೈಪ್ ಮಾಡುವ ಕೈಗಳ ಬಗ್ಗೆ ಯಾರಾದರೂ ಪ್ರತ್ಯೇಕವಾಗಿ ಯೋಚಿಸಬೇಕು ಎನ್ನುವುದಕ್ಕಾಗಿಯೇ ಈ ಲೇಖನ.

ಅಂಥ ಕೈಗಳು ನಮ್ಮಲ್ಲಿ ಎಷ್ಟೊಂದಿವೆ! ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಗಳ ಡಿಟಿಪಿ ಅಂಗಡಿಗಳು, ನ್ಯಾಯಾಲಯದ ಆಸುಪಾಸಿನ ಟೈಪಿಂಗ್ ಮೇಜುಗಳು, ಅಡಿಕೆ ಮಂಡಿಗಳ ಲೆಕ್ಕದ ಕೋಣೆಗಳು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕಚೇರಿಗಳು, ಭದ್ರಾವತಿಯ ತಾಲ್ಲೂಕು ಕಚೇರಿ, ಹಳ್ಳಿ ಹಳ್ಳಿಯ ಗ್ರಾಮ ಪಂಚಾಯಿತಿಗಳು, ಗ್ರಾಮ ಒನ್ ಕೇಂದ್ರಗಳು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಇಪ್ಪತ್ತು, ಇಪ್ಪತ್ತೈದರ ವಯಸ್ಸಿನಲ್ಲಿ ಕೀಬೋರ್ಡ್ ಮುಂದೆ ಕೂತ ಹುಡುಗ ಹುಡುಗಿಯರಿಗೆ ಈಗ ಐವತ್ತರ ಹತ್ತಿರ. ಕೈಬೆರಳಿನ ಸಂಧಿವಾತ ಹೆಚ್ಚಾಗಿ ತಲೆಯೆತ್ತುವುದೂ ಅದೇ ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ. ಕನ್ನಡ ಗಣಕೀಕರಣದ ಮೊದಲ ತಲೆಮಾರು ಈ ನೋವಿನ ಹೊಸ್ತಿಲಿಗೆ ಬಂದು ನಿಂತಿದೆ.

ಕಾಯಿಲೆ ಒಂದೇ ಬಗೆಯದಲ್ಲ. ಬೆರಳ ತುದಿಯ ಕೀಲು, ನಡುವಿನ ಕೀಲು ಅಥವಾ ಹೆಬ್ಬೆರಳಿನ ಬುಡ ಸವೆದು, ಅಲ್ಲಿ ಗಟ್ಟಿಯಾದ ಗಂಟು ಕಟ್ಟುವುದು ಆಸ್ಟಿಯೊ ಆರ್ಥ್ರೈಟಿಸ್. ಬೆಳಿಗ್ಗೆ ಬೆರಳು ಬಿಗಿದಿರುತ್ತದೆ, ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ. ಕೆಲಸ ಮಾಡಿದಷ್ಟೂ ನೋವು ಏರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್‌ನ ದಾರಿ ಬೇರೆ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಮಣಿಕಟ್ಟು, ಬೆರಳ ಬುಡ, ನಡುಗೀಲುಗಳು ಎರಡೂ ಕೈಗಳಲ್ಲಿ ಒಟ್ಟೊಟ್ಟಿಗೆ ಊದುತ್ತವೆ, ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೂ ಬಿಡುವುದಿಲ್ಲ, ಮೈಯೆಲ್ಲ ಸುಸ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು, ಮೂವತ್ತರ ಹರೆಯದಲ್ಲೂ ಬರಬಹುದು. ಇವೆರಡರ ಜೊತೆಗೆ ನಮ್ಮ ಕಡೆ ಚಿಕೂನ್‌ಗುನ್ಯ ಬಿಟ್ಟುಹೋಗುವ ನೋವನ್ನೂ ಸೇರಿಸಬೇಕು. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಜ್ವರ ಇಳಿದು ತಿಂಗಳುಗಟ್ಟಲೆ ಆದರೂ ಮುಷ್ಟಿ ಕಟ್ಟಲಾಗದೆ ಒದ್ದಾಡಿದವರನ್ನು ಪ್ರತಿ ಬೀದಿಯೂ ಕಂಡಿತ್ತು.

‘ವಯಸ್ಸಾಯ್ತು, ವಾಯು ಹಿಡಿದಿದೆ, ಬಿಡಿ’ ಎನ್ನುವ ಮಾತು ಶಿವಮೊಗ್ಗ ಜಿಲ್ಲೆಯಲ್ಲಂತೂ ಯಾರ ಬಾಯಲ್ಲೂ ಬರಬಾರದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗುರುತಿಸಲಾದ ಕೀಲಿನ ಕಾಯಿಲೆ ಸೊಂಟ, ಮಂಡಿಗಳನ್ನು ಹಿಡಿದದ್ದು ಮಕ್ಕಳಲ್ಲಿ, ಹರೆಯದವರಲ್ಲಿ. ಅದು ಕೈಯ ಕಾಯಿಲೆಯಲ್ಲ, ಅದರ ಕಾರಣವೂ ಬೇರೆ. ಆದರೂ ಕೀಲುನೋವು ಎಂದರೆ ಮುಪ್ಪು ಎಂದು ತಳ್ಳಿಹಾಕುವುದು ಎಂಥ ಅನ್ಯಾಯ ಎಂಬುದನ್ನು ಹಂದಿಗೋಡಿನ ಹೆಸರೇ ನೆನಪಿಸುತ್ತದೆ.

ಟೈಪ್ ಮಾಡುವುದರಿಂದ ರುಮಟಾಯ್ಡ್ ಬರುವುದಿಲ್ಲ. ‘ಕಂಪ್ಯೂಟರ್ ಕೆಲಸ ಬಿಟ್ಟರೆ ವಾಸಿಯಾಗುತ್ತೆ’ ಎಂದು ಮನೆಯವರು ಹೇಳುವುದನ್ನು ಕೇಳಿ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಿದರೆ ನಷ್ಟ ದೊಡ್ಡದು. ರುಮಟಾಯ್ಡ್‌ನಲ್ಲಿ ಮೂಳೆ ಕೊರೆಯುವ ಹಾನಿ ಆರಂಭದಲ್ಲೇ ಶುರುವಾಗಬಹುದು. ಮೊದಲ ತಿಂಗಳುಗಳಲ್ಲಿ ಸರಿಯಾದ ಔಷಧಿ ಸಿಕ್ಕ ಕೈಗೂ, ಎರಡು ವರ್ಷ ನೋವಿನ ಮಾತ್ರೆ ನುಂಗುತ್ತ ಕಾದ ಕೈಗೂ ಅಜಗಜಾಂತರ. ಎರಡು ವಾರ ದಾಟಿದರೂ ಊತ ಇಳಿಯದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ವೈದ್ಯರ ಬಳಿಗೋ ಹೋಗಿ ರಕ್ತಪರೀಕ್ಷೆ ಮಾಡಿಸುವುದು ಮೊದಲ ಕೆಲಸ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಅದು ಕೀಲಿನದಾಗಿರದೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡ ತೊಂದರೆಯಾಗಿರಬಹುದು, ಅದರ ಚಿಕಿತ್ಸೆ ಬೇರೆ. ಸಕ್ಕರೆ ಕಾಯಿಲೆಯಿದ್ದರೆ ಬೆರಳು ಮಡಚಿ ಸಿಕ್ಕಿಕೊಳ್ಳುವುದೂ ಉಂಟು.

ಔಷಧಿಯ ಬಗ್ಗೆ ಒಂದೇ ಮಾತು, ಆದರೆ ಒತ್ತಿ ಹೇಳಬೇಕಾದ ಮಾತು. ರುಮಟಾಯ್ಡ್‌ಗೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಕ್ಕೊಂದರಂತೆ ನುಂಗಿದರೆ ಜೀವಕ್ಕೇ ಅಪಾಯ. ಚೀಟಿಯ ಮೇಲೆ ‘ಸೋಮವಾರ’ ಎಂದೋ ‘ಭಾನುವಾರ’ ಎಂದೋ ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ಬಸುರಿಯಾಗುವ ಯೋಚನೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು.

ಇನ್ನು ಕೀಬೋರ್ಡಿನ ವಿಚಾರ. ನುಡಿಯಲ್ಲಿರುವ ವಿನ್ಯಾಸ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೊಡುಗೆ. ಕನ್ನಡದ ಕ, ಗ, ಮ ಎಲ್ಲ ಇಂಗ್ಲಿಷಿನ ಅದೇ ದನಿಯ ಕೀಗಳಲ್ಲಿ ಕೂತಿರುವುದರಿಂದ ಯಾರಾದರೂ ಬೇಗ ಕಲಿಯಬಹುದು. ಕನ್ನಡ ಕಂಪ್ಯೂಟರಿಗೆ ಇಳಿದದ್ದರಲ್ಲಿ ಇದರ ಪಾಲು ದೊಡ್ಡದು. ಒತ್ತಕ್ಷರ ತರುವ ಕೀಯನ್ನು ಎಡಗೈ ತೋರುಬೆರಳಿನ ಕೆಳಗೇ, ‘ಎಫ್’ನಲ್ಲಿ ಇಟ್ಟಿರುವುದು ಜಾಣತನದ ಕೆಲಸ, ಏಕೆಂದರೆ ಕನ್ನಡದಲ್ಲಿ ಅದಿಲ್ಲದೆ ಒಂದು ಸಾಲೂ ಸಾಗದು. ಆದರೆ ಈ ವಿನ್ಯಾಸದಲ್ಲಿ ದೀರ್ಘ ಸ್ವರಗಳು, ಮಹಾಪ್ರಾಣಗಳು, ಣ, ಳ, ಶ, ಕೊನೆಗೆ ಸೊನ್ನೆಯೂ ಶಿಫ್ಟ್ ಕೇಳುತ್ತವೆ. ‘ಬೆಂಗಳೂರು’ ಎಂಬ ಒಂದೇ ಪದಕ್ಕೆ ಮೂರು ಶಿಫ್ಟ್. ‘ಭದ್ರಾವತಿ’ಗೆ ಎರಡು.

ಇದಕ್ಕೆ ಮೂರು ದಾರಿಗಳಿವೆ, ಮೂರಕ್ಕೂ ದುಡ್ಡು ಬೇಕಿಲ್ಲ.

ಮೊದಲನೆಯದು ವಿಂಡೋಸ್‌ನಲ್ಲೇ ಇರುವ ಸ್ಟಿಕಿ ಕೀಸ್. ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ, ಬಹಳ ಜನ ಅದನ್ನು ಕಿರಿಕಿರಿ ಎಂದು ಮುಚ್ಚಿಬಿಡುತ್ತಾರೆ. ಅದಕ್ಕೆ ಹೌದು ಎಂದರೆ ಶಿಫ್ಟನ್ನು ಹಿಡಿದುಕೊಂಡಿರುವ ಅಗತ್ಯವೇ ಇರುವುದಿಲ್ಲ. ಒಮ್ಮೆ ತಟ್ಟಿ ಬಿಡಿ, ಆಮೇಲೆ ಅಕ್ಷರದ ಕೀ ಒತ್ತಿ. ಎರಡೂ ಕಿರುಬೆರಳುಗಳನ್ನು ಒಟ್ಟಿಗೆ ಚಾಚುವ ಕಷ್ಟ ತಪ್ಪುತ್ತದೆ; ಬೇಕಾದರೆ ತೋರುಬೆರಳಿನಿಂದಲೇ ಶಿಫ್ಟ್ ತಟ್ಟಬಹುದು. ವೇಗ ಮೊದಲ ವಾರ ಕುಸಿಯುತ್ತದೆ. ಹೆಬ್ಬೆರಳಿನ ಬುಡದ ನೋವಿನೊಂದಿಗೆ ಟೈಪ್ ಮಾಡುವವಳಾಗಿ ಹೇಳುತ್ತೇನೆ, ಆ ವಾರವನ್ನು ದಾಟಿದ ಮೇಲೆ ಹಿಂದಿನ ರೀತಿಗೆ ಮರಳುವ ಆಸೆ ಹುಟ್ಟಲಿಲ್ಲ. ಇದರ ಪಕ್ಕದಲ್ಲೇ ಫಿಲ್ಟರ್ ಕೀಸ್ ಇದೆ. ಬಿಗಿದ ಬೆರಳು ಕೀಯಿಂದ ಬೇಗ ಮೇಲೇಳದೆ ಒಂದೇ ಅಕ್ಷರ ನಾಲ್ಕಾರು ಸಲ ಮೂಡುತ್ತಿದ್ದರೆ ಅದನ್ನು ತಡೆಯುವುದು ಇದೇ.

ಎರಡನೆಯದು ಇನ್‌ಸ್ಕ್ರಿಪ್ಟ್ ವಿನ್ಯಾಸ. ವಿಂಡೋಸ್‌ನಲ್ಲಿ ಕನ್ನಡ ಭಾಷೆ ಸೇರಿಸಿದರೆ ಬರುವ ಕೀಲಿಮಣೆ ಅದೇ. ಅದರಲ್ಲಿ ಕಾಗುಣಿತದ ದೀರ್ಘಗಳಿಗೂ ಸೊನ್ನೆಗೂ ಶಿಫ್ಟ್ ಬೇಕಿಲ್ಲ. ಮೊದಲು ಹೇಳಿದ ಕಚೇರಿಯ ಹೆಸರನ್ನು ಇದರಲ್ಲಿ ಬರೆದರೆ ಶಿಫ್ಟ್ ಬೀಳುವುದು ಎರಡೇ ಸಲ, ‘ಧ’ಕ್ಕೆ ಮತ್ತು ‘ಳ’ಕ್ಕೆ. ಪದದ ಮೊದಲಿಗೆ ಬರುವ ಅ, ಇ, ಎ ಮುಂತಾದ ಸ್ವರಗಳಿಗೂ ಶಿಫ್ಟ್ ಬೇಕಾಗುತ್ತದೆ ಎಂಬುದನ್ನು ಹೇಳಬೇಕು. ಇಪ್ಪತ್ತು ವರ್ಷದ ರೂಢಿಯನ್ನು ಮುರಿದು ಹೊಸ ವಿನ್ಯಾಸ ಕಲಿಯುವುದು ಸುಲಭವಲ್ಲ, ಎಲ್ಲರಿಗೂ ಬೇಕಾದದ್ದೂ ಅಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದವರಿಗೆ ನಾನು ಇದನ್ನು ಹೇಳುವುದಿಲ್ಲ. ಮೂವತ್ತೈದಕ್ಕೇ ರುಮಟಾಯ್ಡ್ ಗೊತ್ತಾದ ಪಂಚಾಯಿತಿ ಆಪರೇಟರಿಗೆ ಖಂಡಿತ ಹೇಳುತ್ತೇನೆ; ಅವರ ಕೈ ಇನ್ನೂ ಇಪ್ಪತ್ತೈದು ವರ್ಷ ಟೈಪ್ ಮಾಡಬೇಕು.

ಮೂರನೆಯದು ಟೈಪ್ ಮಾಡದೇ ಇರುವುದು. ಸರ್ಕಾರಿ ಕನ್ನಡದಲ್ಲಿ ಮರಳಿ ಮರಳಿ ಬರುವ ಮಾತುಗಳು ಎಷ್ಟೋ! ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಸೂಕ್ತ ಕ್ರಮಕ್ಕಾಗಿ ಸಲ್ಲಿಸಲಾಗಿದೆ’, ‘ಶಿವಮೊಗ್ಗ ಜಿಲ್ಲೆ, ಭದ್ರಾವತಿ ತಾಲ್ಲೂಕು’. ವರ್ಡ್‌ನ ಆಟೊಕರೆಕ್ಟ್ ಪಟ್ಟಿಯಲ್ಲಿ ‘ಮೇವಿ’ ಎಂದು ಹೊಡೆದರೆ ಮೊದಲ ಸಾಲು ಇಡಿಯಾಗಿ ಬರುವಂತೆ ಒಮ್ಮೆ ಬರೆದಿಟ್ಟರೆ ಸಾಕು. ಲಿಬ್ರೆ ಆಫೀಸಿನಲ್ಲಿ ಇದೇ ಕೆಲಸ ಆಟೊಟೆಕ್ಸ್ಟ್‌ನಿಂದ ಆಗುತ್ತದೆ. ಟೈಪ್ ಮಾಡುವ ಪತ್ರಗಳಲ್ಲಿ ಪದೇ ಪದೇ ಬರುವ ಮೂವತ್ತು ಸಾಲುಗಳನ್ನು ಹೀಗೆ ಕೂಡಿಹಾಕಿದ ಗುಮಾಸ್ತರ ಕೈಗೆ ಸಿಗುವ ಬಿಡುವು ಯಾವ ಮುಲಾಮಿಗಿಂತಲೂ ಕಡಿಮೆಯದಲ್ಲ. ಯಂತ್ರಕ್ಕೆ ಒಪ್ಪಿಸಬಹುದಾದ ಸಾಲನ್ನು ಬೆರಳಿನಿಂದ ದಿನಕ್ಕೆ ನಲವತ್ತು ಸಲ ಬರೆಸುವುದರಲ್ಲಿ ಯಾವ ಶ್ರದ್ಧೆಯೂ ಇಲ್ಲ.

ಬಾಯಲ್ಲಿ ಹೇಳಿ ಬರೆಸುವ ಅನುಕೂಲವನ್ನೂ ಇಲ್ಲೇ ಸೇರಿಸುತ್ತೇನೆ. ಗೂಗಲ್ 2017ರ ಆಗಸ್ಟ್‌ನಲ್ಲಿ ಧ್ವನಿಯಿಂದ ಬರೆಯುವ ಸೌಲಭ್ಯಕ್ಕೆ ಕನ್ನಡವನ್ನೂ ಸೇರಿಸಿತು. ಫೋನಿನ ಕೀಬೋರ್ಡಿನಲ್ಲಿ ಮೈಕ್ ಗುರುತು ಒತ್ತಿ, ಕಂಪ್ಯೂಟರಿನಲ್ಲಾದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಮಾತಾಡಬಹುದು. ಬರವಣಿಗೆಯ ಕನ್ನಡವನ್ನು ನಿಧಾನವಾಗಿ, ಪದ ಬಿಡಿಸಿ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ‘ಹೋಗ್ಬಿಟ್ಟು ಬಂದ್ಬಿಡ್ತೀನಿ’ ಎಂಬ ನಮ್ಮ ಮನೆಮಾತಿಗೆ ತಡವರಿಸುತ್ತದೆ. ಚಿಹ್ನೆಗಳನ್ನು ಕೈಯಲ್ಲೇ ಹಾಕಿ, ಸಂಧಿಯಾದ ಪದಗಳನ್ನು ತಿದ್ದಬೇಕು. ತಿದ್ದುವ ಕೆಲಸ ಬರೆಯುವ ಕೆಲಸಕ್ಕಿಂತ ಎಷ್ಟೋ ಹಗುರ. ಬರುವುದು ಯೂನಿಕೋಡ್‌ನಲ್ಲಿ, ಆದ್ದರಿಂದ ಹಳೆಯ ನುಡಿ ಫಾಂಟಿನಲ್ಲಿ ಪುಟ ಕಟ್ಟುವ ಅಂಗಡಿಗಳು ಪರಿವರ್ತಿಸಿಕೊಳ್ಳಬೇಕು. ಒಂದು ಎಚ್ಚರ ಮಾತ್ರ ಬೇಕು. ಆಡಿದ ಮಾತು ಅಂತರ್ಜಾಲದ ಮೂಲಕ ಕಂಪನಿಯ ಯಂತ್ರಕ್ಕೆ ಹೋಗಿ ಅಕ್ಷರವಾಗಿ ಬರುತ್ತದೆ, ಜೊತೆಗೆ ಪಕ್ಕದ ಮೇಜಿನವರ ಕಿವಿಗೂ ಬೀಳುತ್ತದೆ. ಗೋಪ್ಯ ಕಡತ, ಸಾಕ್ಷಿ ಹೇಳಿಕೆ, ಆಧಾರ್ ಸಂಖ್ಯೆ ಇವನ್ನು ಹಾಗೆ ಹೇಳಿ ಬರೆಸಬಾರದು.

ಕೀಬೋರ್ಡನ್ನೇ ದೂಷಿಸುತ್ತ ನಾವು ಮರೆಯುವುದು ಮೌಸನ್ನು. ಹೆಬ್ಬೆರಳಿನ ಬುಡ ಸವೆದವರಿಗೆ ಅದು ಹೆಚ್ಚು ಕಷ್ಟ ಕೊಡುತ್ತದೆ, ಏಕೆಂದರೆ ಇಡೀ ದಿನ ಹಿಡಿತ ಬಿಡುವುದೇ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳ ತುದಿಯಲ್ಲಿ ಒಂದು ಕಿಲೋ ಬಲದಿಂದ ಏನನ್ನಾದರೂ ಚಿವುಟಿ ಹಿಡಿದರೆ ಹೆಬ್ಬೆರಳ ಬುಡದ ಕೀಲಿನ ಮೇಲೆ ಬೀಳುವ ಒತ್ತಡ ಸುಮಾರು ಹನ್ನೆರಡು ಕಿಲೋ. ಕೈಯನ್ನು ಹಸ್ತಲಾಘವದ ಭಂಗಿಯಲ್ಲಿ ನಿಲ್ಲಿಸುವ ಲಂಬ ಮೌಸ್, ಚೆಂಡು ಉರುಳಿಸುವ ಟ್ರ್ಯಾಕ್‌ಬಾಲ್ ಕೆಲವರಿಗೆ ಒಗ್ಗುತ್ತವೆ. ಆದರೆ ಹೆಬ್ಬೆರಳಲ್ಲೇ ಚೆಂಡು ತಿರುಗಿಸುವ ಬಗೆಯದನ್ನು ಈ ನೋವಿನವರು ಕೊಳ್ಳಬಾರದು. ದುಡ್ಡು ಹಾಕುವ ಮುನ್ನ ಇರುವ ಮೌಸನ್ನೇ ಎಡಗೈಗೆ ಬದಲಿಸಿ ನೋಡಿ, ಸೆಟ್ಟಿಂಗ್ಸ್‌ನಲ್ಲಿ ಗುಂಡಿಗಳನ್ನು ಅದಲು ಬದಲು ಮಾಡಬಹುದು. ಕ್ಲಿಕ್ ಲಾಕ್ ಹಾಕಿದರೆ ಗುಂಡಿ ಹಿಡಿದುಕೊಂಡೇ ಎಳೆಯುವ ಕಷ್ಟ ಇಲ್ಲ. ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲುಗಳನ್ನು ಮಡಚಿಬಿಡಿ, ಅವು ಮಣಿಕಟ್ಟನ್ನು ಮೇಲಕ್ಕೆ ಬಾಗಿಸುತ್ತವೆ. ಮೇಜು ಎತ್ತರವಾಗಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು, ಕಾಲ ಕೆಳಗೆ ಒಂದು ಮಣೆ ಹಾಕಿಕೊಂಡರೆ ಸಾಕು. ಫೋನಿನಲ್ಲಿ ಎರಡು ಹೆಬ್ಬೆರಳಿನಿಂದ ಕಚೇರಿ ವಾಟ್ಸ್ಆ್ಯಪ್ ಗುಂಪಿಗೆ ಉತ್ತರ ಬರೆಯುವುದು ಈ ಕೀಲಿಗೆ ಅತಿ ಕೆಟ್ಟ ಕೆಲಸ. ಫೋನನ್ನು ಮೇಜಿನ ಮೇಲಿಟ್ಟು ತೋರುಬೆರಳಿನಲ್ಲಿ ಬರೆಯಿರಿ, ಇಲ್ಲವೇ ಮಾತಾಡಿ ಬರೆಸಿ.

ದಿನದ ಕ್ರಮವನ್ನೂ ನೋಡಬೇಕು. ರುಮಟಾಯ್ಡ್ ಇರುವವರ ಬೆರಳು ಏಳು ಗಂಟೆಗೆ ಎದ್ದರೆ ಎಂಟೂವರೆಯವರೆಗೆ ಬಿಗಿದೇ ಇರಬಹುದು, ಅಷ್ಟರಲ್ಲಿ ತಿಂಡಿ, ಡಬ್ಬಿ, ಮಕ್ಕಳ ಜಡೆ ಮುಗಿದಿರಬೇಕು. ಆಮೇಲೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸು. ದೂರ ಇಪ್ಪತ್ತು ಕಿಲೋಮೀಟರು ಅಷ್ಟೇ, ಆದರೆ ಸೀಟು ಸಿಗದ ದಿನ ಮೇಲಿನ ಕಂಬಿಗೆ ಜೋತುಬಿದ್ದು ಮಾಚೇನಹಳ್ಳಿ ದಾಟುವಷ್ಟರಲ್ಲಿ ಬೆರಳುಗಳ ಆ ದಿನದ ಶಕ್ತಿ ಅರ್ಧ ಖರ್ಚಾಗಿರುತ್ತದೆ. ಮೊಣಕೈಯನ್ನು ಸೀಟಿನ ಹಿಡಿಕೆಗೆ ಸುತ್ತಿ ನಿಲ್ಲುವುದು, ಬ್ಯಾಗನ್ನು ಬೆರಳಲ್ಲಿ ತೂಗುಹಾಕದೆ ಹೆಗಲಿಗೆ ಹಾಕುವುದು ಸಣ್ಣ ಉಪಾಯಗಳು, ಆದರೆ ನಿತ್ಯವೂ ಲೆಕ್ಕಕ್ಕೆ ಬರುತ್ತವೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದಿ ಮೆಲ್ಲಗೆ ಮುಷ್ಟಿ ಕಟ್ಟಿ ಬಿಡಿಸುವುದರಿಂದ ಬಿಗಿತ ಬೇಗ ಸಡಿಲುತ್ತದೆ. ಕೀಲು ಕೆಂಪಾಗಿ ಬಿಸಿಯಾಗಿ ಊದಿದ್ದರೆ ಮಾತ್ರ ಬಿಸಿ ಬೇಡ, ತಣ್ಣನೆಯ ಬಟ್ಟೆ ಒಳ್ಳೆಯದು.

ಸಂಜೆ ಮನೆಗೆ ಬಂದ ಕೈಗೆ ಅಕ್ಕಿರೊಟ್ಟಿ ತಟ್ಟುವುದಿದೆ, ಬಟ್ಟೆ ಹಿಂಡುವುದಿದೆ, ಅಡಿಕೆ ಸುಗ್ಗಿಯಲ್ಲಿ ಹಳ್ಳಿಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುವುದೂ ಇದೆ. ಕಚೇರಿಯಲ್ಲಿ ಎಷ್ಟೇ ಜಾಗ್ರತೆ ಮಾಡಿದರೂ ರಾತ್ರಿ ಎರಡು ತಾಸು ಅಡಿಕೆ ಸುಲಿದರೆ ಮಾರನೆಯ ದಿನ ಟೈಪ್ ಮಾಡಲಾಗುವುದಿಲ್ಲ. ಹೆಂಗಸರ ಕೈನೋವಿನ ಬಗ್ಗೆ ಮಾತಾಡುವಾಗ ಕೀಬೋರ್ಡಿನ ಸೆಟ್ಟಿಂಗ್ ಒಂದನ್ನೇ ಹೇಳಿ ಮನೆಯ ಕೆಲಸದ ಹಂಚಿಕೆಯನ್ನು ಹೇಳದಿದ್ದರೆ ಅದು ಅರ್ಧ ಸುಳ್ಳು. ಹಿಂಡುವ ಕೆಲಸ, ಗಟ್ಟಿ ಮುಚ್ಚಳ ತೆಗೆಯುವ ಕೆಲಸ, ಕಾಯಿ ತುರಿಯುವ ಕೆಲಸ ಮನೆಯ ಬೇರೆ ಕೈಗಳಿಗೆ ಹೋಗಬೇಕು.

ಭದ್ರಾವತಿಗೆ ಕೈಗೆ ಆಗುವ ಪೆಟ್ಟು ಹೊಸದಲ್ಲ. ಮೈಸೂರು ಕಬ್ಬಿಣದ ಕಾರ್ಖಾನೆ ಅಲ್ಲಿ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದೂ ಅದೇ ವರ್ಷ. ಯಾವ ಬೆರಳು ಹೋದರೆ ದುಡಿಯುವ ಶಕ್ತಿ ಶೇಕಡಾ ಎಷ್ಟು ಕುಂದಿತು ಎಂಬ ಪಟ್ಟಿಯೇ ಅದರಲ್ಲಿತ್ತು. ತುಂಡಾದ ಬೆರಳನ್ನು ಲೆಕ್ಕ ಹಾಕಲು ನೂರು ವರ್ಷದ ಹಿಂದೆಯೇ ಕಲಿತ ನಮಗೆ, ಇದ್ದೂ ಮಡಚದ ಬೆರಳು ಇವತ್ತಿಗೂ ಕಾಣುವುದಿಲ್ಲ. ‘ನೋಡಕ್ಕೆ ಚೆನ್ನಾಗೇ ಇದೀರಲ್ಲ ಮೇಡಂ’ ಎಂದು ಮೇಲಧಿಕಾರಿ ಹೇಳಿದರೆ ಉತ್ತರಿಸುವುದು ಹೇಗೆ?

ಉತ್ತರ ಕಾನೂನಿನಲ್ಲಿದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಸಂಧಿವಾತದ ಹೆಸರಿಲ್ಲ. ಆದರೆ ಕೈಕಾಲುಗಳ ಚಲನೆಗೆ ಬಹುಕಾಲದ ಅಡ್ಡಿಯಾದರೆ ಅದು ಚಲನ ವೈಕಲ್ಯದಡಿ ಬರಬಹುದು. ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40ರ ಪ್ರಮಾಣಪತ್ರ ಬೇಕು. ಕೆಲಸದ ಜಾಗದಲ್ಲಿ ಸೂಕ್ತ ಹೊಂದಾಣಿಕೆ ಕೇಳಲು ಆ 40 ಬೇಕಿಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಮತ್ತು ಕೇಂದ್ರ ಲೋಕಸೇವಾ ಆಯೋಗದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಅರ್ಜಿದಾರರ ತೊಂದರೆಯೂ ಕೈಯದೇ, ಬರೆಯುವಾಗ ಕೈ ಸೆಳೆದುಕೊಳ್ಳುವ ತೊಂದರೆ. ಶೇಕಡಾವಾರು ಮಿತಿ ಮುಟ್ಟದಿದ್ದರೂ ಪರೀಕ್ಷೆಗೆ ಬರಹಗಾರರ ನೆರವು ಪಡೆಯುವ ಹಕ್ಕು ಅವರಿಗಿದೆ ಎಂದು ನ್ಯಾಯಾಲಯ ಹೇಳಿತು. ಸೇವೆಯಲ್ಲಿದ್ದಾಗ ವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ವೇತನದ ಬೇರೆ ಕೆಲಸಕ್ಕೆ ಹಾಕಬೇಕು ಎನ್ನುತ್ತದೆ ಕಾಯ್ದೆಯ 20ನೇ ಸೆಕ್ಷನ್. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಕೊಡುವ ಸೌಲಭ್ಯಗಳ ವಿವರವೂ ಅದರಲ್ಲಿರಬೇಕು, 20ಕ್ಕಿಂತ ಕಡಿಮೆ ಜನ ದುಡಿಯುವಲ್ಲಿಯೂ.

ಕೇಳುವವರು ಬಾಯಿಮಾತಿನಲ್ಲಿ ಕೇಳದೆ ಬರೆದು ಕೊಡಬೇಕು. ಅರ್ಜಿ ಒಂದು ಪುಟ ಸಾಕು. ಕಾಯಿಲೆಯ ಹೆಸರು, ಯಾವ ಕೀಲು, ಬೆಳಗಿನ ಬಿಗಿತ ಎಷ್ಟು ಹೊತ್ತು ಎಂಬುದನ್ನು ವೈದ್ಯರ ಚೀಟಿಯಿಂದಲೇ ಎತ್ತಿ ಬರೆಯಿರಿ. ನಂತರ ಬೇಕಾದದ್ದನ್ನು ನಿರ್ದಿಷ್ಟವಾಗಿ ಕೇಳಿ: ಹಗುರ ಕೀಗಳ ಕೀಬೋರ್ಡ್, ಬೇರೆ ಬಗೆಯ ಮೌಸ್, ಯೂನಿಕೋಡ್‌ನಲ್ಲಿ ಕೆಲಸ ಮಾಡುವ ಅನುಮತಿ, ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಕೈ ಬಿಡುವು, ದೊಡ್ಡ ಡಾಟಾ ಎಂಟ್ರಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು ಬೆಳಗಿನ ಮೊದಲ ತಾಸಿನಲ್ಲಿ ಕಡತ ಪರಿಶೀಲನೆ. ‘ಸಾಧ್ಯವಾದಷ್ಟು ಸಹಕರಿಸಬೇಕು’ ಎಂದು ಮುಗಿಸಿದ ಅರ್ಜಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದ್ದರಿಂದ ಕಾಯ್ದೆಯ ಹೆಸರು, ವರ್ಷ, ಸೆಕ್ಷನ್ ಸಂಖ್ಯೆಯನ್ನು ಬರೆಯಿರಿ. ಸರ್ಕಾರಿ ಕಚೇರಿಯಾದರೆ ಇದೇ ಕಾಯ್ದೆಯಡಿ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ಪ್ರತಿಯನ್ನು ಅವರಿಗೂ ಕೊಡಿ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ಆವಕ ವಿಭಾಗದಲ್ಲಿ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿಡಿ.